'ಹೋಯ್ತು', 'ತೆಗೆಸಿದ್ರು': ಐರ್ಲೆಂಡಿನ ಸಂಸತ್ತಿನ ಮಾತುಗಳನ್ನು ಓದುತ್ತಾ

ಗರ್ಭ ಉಳಿಯದೆ ಹೋಗುವುದಕ್ಕೆ ನಮ್ಮ ಮನೆಯ ಹೆಂಗಸರ ಬಾಯಲ್ಲಿ ಎರಡು ಮಾತಿದ್ದವು. ಒಂದು 'ಹೋಯ್ತು'. ಇನ್ನೊಂದು 'ತೆಗೆಸಿದ್ರು'. ಮೊದಲನೆಯದನ್ನು ಕಣ್ಣೊರೆಸಿಕೊಳ್ಳುತ್ತಾ ಹೇಳುತ್ತಿದ್ದರು, ಎರಡನೆಯದನ್ನು ದನಿ ತಗ್ಗಿಸಿ. ಡಾಕ್ಟರ ಚೀಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಹೆಸರು, ಅಬಾರ್ಷನ್. ನಮ್ಮ ಪತ್ರಿಕೆಗಳಲ್ಲೂ ಅಷ್ಟೇ, ಎರಡೂ ಗರ್ಭಪಾತವೇ.

ನಮ್ಮ ಅಕ್ಕನದು ಇವೆರಡರಲ್ಲಿ ಯಾವುದು ಅಂತ ನನಗೆ ಇವತ್ತಿಗೂ ಹೇಳಲು ಬರುವುದಿಲ್ಲ. ನಾಲ್ಕು ತುಂಬಿ ಐದರಲ್ಲಿ ಬಿದ್ದಿತ್ತು. ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತಾ ಕೂತವಳಿಗೆ ನೀರು ಹೋಯಿತು. ಒಲೆ ಆರಿಸಿದ್ದು ಯಾರು ಅನ್ನೋದೂ ನೆನಪಿಲ್ಲ. ಅವ್ವ ಅವಳನ್ನು ಆಟೋದಲ್ಲಿ ಕೂರಿಸಿಕೊಂಡು ಹುಬ್ಬಳ್ಳಿಯ ಒಂದು ನರ್ಸಿಂಗ್ ಹೋಮಿಗೆ ಓಡಿದಳು. ಸ್ಕ್ಯಾನ್ ಮಾಡಿದರು. ಕೂಸಿನ ಎದೆ ಇನ್ನೂ ಬಡಿಯುತ್ತಿತ್ತು. ಡಾಕ್ಟರಮ್ಮ ಅಕ್ಕನ ಹಣೆ ಮೇಲೆ ಕೈ ಇಟ್ಟು, ಅವ್ವನ ಕಡೆ ನೋಡಿ ಹೇಳಿದರು: "ಇದು ಉಳಿಯೂದಿಲ್ರಿ. ಕಾಯ್ಕೋತ ಕುಂತ್ರ ನಂಜ ಏರ್ತದ. ಇವತ್ತ ಮುಗಸೋಣು."

ಸಂಜೆ ಆರಕ್ಕೆಲ್ಲ ಮುಗಿದಿತ್ತು. ಮೂರನೇ ದಿನ ಅಕ್ಕ ಮನೆಗೆ ಬಂದಳು. ತುಂಬಾ ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಎರಡು ವರ್ಷದ ಮೇಲೆ ಅವಳಿಗೆ ಮಗಳು ಹುಟ್ಟಿದಳು.

ಎದೆ ಬಡಿಯುತ್ತಿದ್ದಾಗಲೇ ಮಾಡಿದ್ದು, ಹಾಗಾಗಿ ಅದು ತೆಗೆಸಿದ್ದು. ಉಳಿಯುವ ಕೂಸೇ ಆಗಿರಲಿಲ್ಲ, ಹಾಗಾಗಿ ಅದು ಹೋಗಿದ್ದು. ಅವ್ವ ಊರವರಿಗೆಲ್ಲ 'ಹೋಯ್ತು' ಎಂದೇ ಹೇಳಿದಳು. ಆ ಹೊತ್ತಿಗೆ ಅಲ್ಲಿ ಯಾರಿಗೂ ಈ ಎರಡು ಮಾತಿನ ನಡುವೆ ಗೆರೆ ಎಳೆಯಬೇಕು ಅನ್ನಿಸಲಿಲ್ಲ.

2012ರ ನವೆಂಬರಿನಲ್ಲಿ ಸವಿತಾ ಹಾಲಪ್ಪನವರ ಸುದ್ದಿ ಬಂತು. ಬೆಳಗಾವಿಯ ಹುಡುಗಿ, ಹಲ್ಲಿನ ಡಾಕ್ಟರು, 31 ವರ್ಷ. ಐರ್ಲೆಂಡಿನ ಗಾಲ್ವೇ ಊರಿನಲ್ಲಿ ಗಂಡನ ಜೊತೆ ಇದ್ದಳು. 17 ವಾರದ ಬಸುರಿ. ಅಕ್ಟೋಬರ್ 21ರಂದು ಬೆನ್ನುನೋವು ಅಂತ ಅಲ್ಲಿನ ದೊಡ್ಡಾಸ್ಪತ್ರೆಗೆ ಹೋದಳು. ಮಗು ಉಳಿಯುವುದಿಲ್ಲ ಎಂದು ಡಾಕ್ಟರರೇ ಹೇಳಿದರು. ನೀರೂ ಹೋಯಿತು. ಹಾಗಿದ್ದರೆ ತೆಗೆದುಬಿಡಿ ಎಂದು ಗಂಡ ಹೆಂಡತಿ ಕೇಳಿಕೊಂಡರು. ಎದೆಬಡಿತ ಇರುವ ತನಕ ಆಗುವುದಿಲ್ಲ ಅಂದರು. ಇದು ಕ್ಯಾಥೊಲಿಕ್ ದೇಶ ಎಂಬ ಮಾತನ್ನು ಆಡಿದ್ದು ಹೌದು ಎಂದು ಒಬ್ಬ ಸೂಲಗಿತ್ತಿ ನರ್ಸ್ ಆಮೇಲಿನ ವಿಚಾರಣೆಯಲ್ಲಿ ಒಪ್ಪಿಕೊಂಡರು. 24ಕ್ಕೆ ಎದೆಬಡಿತ ನಿಂತಿತು. ಅಷ್ಟರಲ್ಲಿ ಸವಿತಾಳ ರಕ್ತಕ್ಕೆ ನಂಜೇರಿತ್ತು. 28ಕ್ಕೆ ಅವಳು ತೀರಿಕೊಂಡಳು.

ಅಕ್ಕ ಪೇಪರ್ ಓದಿ ಮಡಚಿಟ್ಟಳು. "ನನಗೂ ಹೀಂಗ ಆಗಿತ್ತಲ್ಲೇ" ಅಂದಳು. ಅಷ್ಟೇ.

ಆಮೇಲೆ ನಾನು ಐರ್ಲೆಂಡಿನ ಸುದ್ದಿಯನ್ನು ಬಿಡದೆ ಹಿಂಬಾಲಿಸಿದೆ. ಅವರ ಸಂಸತ್ತಿನಲ್ಲಿ ಆಡಿದ ಪ್ರತಿ ಮಾತೂ ದಾಖಲಾಗಿ ಯಾರು ಬೇಕಾದರೂ ಓದುವ ಹಾಗಿದೆ. 2018ರಲ್ಲಿ ಅಲ್ಲಿನ ಗರ್ಭಪಾತ ನಿಷೇಧದ ಮೇಲೆ ಜನಮತಗಣನೆ ಬಂದಾಗ ರಾತ್ರಿ ಕೂತು ಹಳೆಯದನ್ನೆಲ್ಲ ಓದಿದೆ. ಗರ್ಭಪಾತದ ಹಕ್ಕಿನ ಪರ ಇದ್ದವರು ಸದನದಲ್ಲಿ ನಿಂತು ಏನು ಹೇಳಿದರು? ಯಾವ ಮಾತು ಯಾರ ಮನಸ್ಸನ್ನು ತಿರುಗಿಸಿತು? ಅದೇ ನನಗೆ ತಿಳಿಯಬೇಕಿತ್ತು.

ಓದುತ್ತಾ ಹೋದ ಹಾಗೆ ಒಂದು ವಿಷಯ ಎದೆಗೆ ನಾಟಿತು. ಸವಿತಾ ಸತ್ತ ಮೇಲೆ ಎಲ್ಲರೂ ಹೇಳಿದ ಮಾತನ್ನು ಅವಳು ಎರಡು ವರ್ಷದ ಕೂಸಾಗಿದ್ದಾಗಲೇ ಕೆಲವರು ಹೇಳಿಬಿಟ್ಟಿದ್ದರು.

1983ರಲ್ಲಿ ಐರ್ಲೆಂಡ್ ತನ್ನ ಸಂವಿಧಾನಕ್ಕೆ ಎಂಟನೇ ತಿದ್ದುಪಡಿ ತಂದಿತು. ಗರ್ಭಪಾತ ಅಲ್ಲಿ ಮೊದಲಿಂದಲೂ ಅಪರಾಧವೇ. 1861ರ ಬ್ರಿಟಿಷ್ ಕಾನೂನಿನಲ್ಲಿ ಜೀವಾವಧಿ ಶಿಕ್ಷೆಯ ತನಕ ಇತ್ತು. ಆದರೂ ನಾಳೆ ಯಾವುದೋ ಕೋರ್ಟು ಸಡಿಲ ಮಾಡೀತು ಎಂಬ ಭಯಕ್ಕೆ ಅದನ್ನು ಸಂವಿಧಾನದಲ್ಲೇ ಕೂರಿಸಿದರು. ಹುಟ್ಟದ ಜೀವದ ಹಕ್ಕು ತಾಯಿಯ ಜೀವದ ಹಕ್ಕಿಗೆ 'ಸಮಾನ' ಎಂದು ಬರೆದರು. ಆಗಿನ ಅಟಾರ್ನಿ ಜನರಲ್ ಪೀಟರ್ ಸದರ್ಲೆಂಡ್ ಎಚ್ಚರಿಸಿದ್ದರು. ಈ ಮಾತುಗಳು ಅಸ್ಪಷ್ಟ, ಡಾಕ್ಟರರೂ ಗೊಂದಲಕ್ಕೆ ಬೀಳುತ್ತಾರೆ, ವಕೀಲರು ಜಡ್ಜ್‌ಗಳೂ ಬೀಳುತ್ತಾರೆ ಎಂದಿದ್ದರು. ಮೇಲ್ಮನೆಯಲ್ಲಿ ಮೇರಿ ರಾಬಿನ್ಸನ್ ವಿರೋಧಿಸಿದರು. ಮುಂದೆ 1990ರಲ್ಲಿ ಆ ದೇಶದ ಮೊದಲ ಮಹಿಳಾ ರಾಷ್ಟ್ರಪತಿ ಆದವರು ಅವರೇ. ಯಾರೂ ಕೇಳಲಿಲ್ಲ. ಮತ ಹಾಕಿದವರಲ್ಲಿ ಮೂರರಲ್ಲಿ ಎರಡು ಪಾಲು ಜನ ತಿದ್ದುಪಡಿಗೆ ಹೌದು ಅಂದರು.

ಸಮಾನ. ಕೇಳಲು ಎಷ್ಟು ಒಳ್ಳೆಯ ಮಾತು ಅಲ್ವಾ? ಆದರೆ ಹಾಸಿಗೆಯ ಪಕ್ಕ ನಿಂತ ಡಾಕ್ಟರಿಗೆ ಆ ಮಾತಿನಿಂದ ಏನು ಮಾಡಬೇಕು ಅಂತ ಗೊತ್ತಾಗಬೇಕಲ್ಲ. ತಾಯಿಯ ಜೀವಕ್ಕೆ ಅಪಾಯ ಬಂದರೆ ಮಾತ್ರ ಕೈ ಹಾಕಬಹುದು. ಆರೋಗ್ಯಕ್ಕೆ ಅಪಾಯ ಬಂದರೆ ಸಾಲದು. ಹಾಗಾದರೆ ಜ್ವರ ಎಷ್ಟು ಏರಿದಾಗ ಆರೋಗ್ಯದ ಅಪಾಯ ಜೀವದ ಅಪಾಯ ಆಗುತ್ತದೆ? 101ಕ್ಕಾ, 103ಕ್ಕಾ? ನಂಜು ಏರುವಾಗ ಗಂಟೆಗಳ ಲೆಕ್ಕ. ಜೀವಕ್ಕೇ ಅಪಾಯ ಅಂತ ಖಾತ್ರಿ ಆಗುವಷ್ಟರಲ್ಲಿ ಕೆಲವೊಮ್ಮೆ ಕೈಮೀರಿರುತ್ತದೆ. ಹಕ್ಕಿನ ಪರ ಮಾತಾಡಿದವರು ವರ್ಷಗಟ್ಟಲೆ ಇದನ್ನೇ ಹೇಳುತ್ತಾ ಬಂದರು. ಜೀವ, ಆರೋಗ್ಯ ಅಂತ ಎರಡು ಪೆಟ್ಟಿಗೆ ಮಾಡಿ ಹೆಂಗಸಿನ ಮೈಯನ್ನು ಅದರಲ್ಲಿ ತುಂಬಲು ಆಗುವುದಿಲ್ಲ ಎಂಬುದೇ ಅವರ ಮಾತಿನ ತಿರುಳು.

2012ರ ಏಪ್ರಿಲಿನಲ್ಲಿ ಕ್ಲೇರ್ ಡೇಲಿ, ಜೋನ್ ಕಾಲಿನ್ಸ್, ಮಿಕ್ ವಾಲೇಸ್ ಎಂಬ ಸಂಸದರು ಕೆಳಮನೆಗೆ ಒಂದು ಮಸೂದೆ ತಂದರು. ಅವರು ಕೇಳಿದ್ದು ತೀರಾ ಕಡಿಮೆ. 1992ರಲ್ಲಿ, ಅತ್ಯಾಚಾರಕ್ಕೊಳಗಾದ 14 ವರ್ಷದ ಹುಡುಗಿಯ ಪ್ರಕರಣದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟು ತಾಯಿಯ ಜೀವಕ್ಕೆ ಅಪಾಯ ಇದ್ದರೆ ಗರ್ಭಪಾತ ಮಾಡಬಹುದು ಎಂದಿತ್ತು. ಅಷ್ಟನ್ನಾದರೂ ಕಾನೂನು ಮಾಡಿ, ಡಾಕ್ಟರರಿಗೆ ದಾರಿ ಗೊತ್ತಾಗಲಿ ಎಂಬುದಷ್ಟೇ ಬೇಡಿಕೆ. 20 ವರ್ಷದಿಂದ ಯಾವ ಸರ್ಕಾರವೂ ಮಾಡಿರಲಿಲ್ಲ. ತಜ್ಞರ ಸಮಿತಿ ಇದೆ, ವರದಿ ಬರಲಿ ಎಂದು ಸರ್ಕಾರ ಹೇಳಿತು. ಮಸೂದೆ ಭಾರೀ ಅಂತರದಲ್ಲಿ ಬಿತ್ತು. ಅದು ಏಪ್ರಿಲ್. ಸವಿತಾ ಆಸ್ಪತ್ರೆ ಸೇರಿದ್ದು ಅಕ್ಟೋಬರ್. ತಜ್ಞರ ವರದಿ ಮಂತ್ರಿಯ ಕೈ ಸೇರಿದ್ದು ನವೆಂಬರ್ 13ರಂದು. ಮಾರನೇ ಬೆಳಗ್ಗೆ ಐರಿಶ್ ಟೈಮ್ಸ್ ಪತ್ರಿಕೆಯಲ್ಲಿ ಸವಿತಾಳ ಸಾವಿನ ಸುದ್ದಿ ಬಂತು.

ಈ ತಾರೀಖುಗಳನ್ನು ಒಂದರ ಪಕ್ಕ ಒಂದು ಬರೆದುಕೊಂಡ ದಿನ ನನಗೆ ನಿದ್ದೆ ಬರಲಿಲ್ಲ.

ಎದುರಿನವರ ಮಾತನ್ನೂ ಓದಿದೆ, ಓದಲೇಬೇಕು. ಸವಿತಾ ಸತ್ತಿದ್ದು ನಂಜಿನಿಂದ, ಅದನ್ನು ಆಸ್ಪತ್ರೆ ಹೊತ್ತಿಗೆ ಸರಿಯಾಗಿ ಗುರುತಿಸಲಿಲ್ಲ, ಕಾನೂನನ್ನು ಯಾಕೆ ದೂರುತ್ತೀರಿ ಎಂದು ಅವರು ಕೇಳಿದರು. ಆಸ್ಪತ್ರೆಯ ಲೋಪ ಇದ್ದದ್ದು ನಿಜ. ಸಾಲು ಸಾಲು ಅವಕಾಶ ತಪ್ಪಿಹೋದವು ಎಂದು ತನಿಖಾ ವರದಿಗಳು ಹೇಳಿವೆ. ಆದರೆ ಅವಳ ಸಾವಿನ ವಿಚಾರಣೆಯಲ್ಲಿ ಪ್ರಸೂತಿ ತಜ್ಞ ಪೀಟರ್ ಬೋಯ್ಲನ್ ಇನ್ನೊಂದು ಮಾತು ಹೇಳಿದರು. ಆಸ್ಪತ್ರೆಗೆ ಹೋದ ಮರುದಿನ ಸೋಮವಾರವೋ, ಮಂಗಳವಾರವೋ ಗರ್ಭ ತೆಗೆದಿದ್ದರೆ ಬಹುಮಟ್ಟಿಗೆ ಅವಳು ಬದುಕುತ್ತಿದ್ದಳು, ಆದರೆ ಆ ದಿನಗಳಲ್ಲಿ ಜೀವಕ್ಕೆ ಅಪಾಯ ಇನ್ನೂ ಕಂಡಿರಲಿಲ್ಲವಾದ್ದರಿಂದ ಕಾನೂನಿನ ಪ್ರಕಾರ ತೆಗೆಯುವ ಹಾಗಿರಲಿಲ್ಲ ಎಂದರು. ನನ್ನ ಮಟ್ಟಿಗೆ ಇಡೀ ವಾದ ಇದೊಂದರಲ್ಲೇ ಇದೆ. ಕೆಲಸಕ್ಕೆ ಬರುವಾಗ ಮಾಡುವ ಹಾಗಿಲ್ಲ. ಮಾಡಬಹುದು ಅನ್ನುವಾಗ ಕೆಲಸಕ್ಕೆ ಬರುವುದಿಲ್ಲ.

2013ರಲ್ಲಿ ಒಂದು ಕಾನೂನು ಬಂತು. ಪ್ರಧಾನಿ ಎಂಡಾ ಕೆನಿಗೆ ಕೊಲೆಗಾರ ಎಂದು ಬೈದು ಪತ್ರ ಬರುತ್ತಿದ್ದವು. ರಕ್ತದಲ್ಲಿ ಬರೆದ ಪತ್ರ, ಪ್ಲಾಸ್ಟಿಕ್ ಭ್ರೂಣ, ಎಲ್ಲ. ಅವರು ಸದನದಲ್ಲಿ ಎದ್ದುನಿಂತು, ನಾನು ಕ್ಯಾಥೊಲಿಕ್ ಆಗಿರುವ ಪ್ರಧಾನಿ, ಕ್ಯಾಥೊಲಿಕ್ ಪ್ರಧಾನಿ ಅಲ್ಲ ಎಂದರು. ಗಾಲ್ವೇಯ ಆಸ್ಪತ್ರೆಯ ಆ ಒಂದು ಮಾತಿಗೆ ಸದನದಲ್ಲಿ ಸಿಕ್ಕ ಉತ್ತರ ಇದು ಅಂತ ನಾನು ಓದಿಕೊಂಡೆ. 127ಕ್ಕೆ 31 ಮತ ಬಿದ್ದು ಮಸೂದೆ ಪಾಸಾಯಿತು. ಆದರೆ ಅದು 'ಜೀವಕ್ಕೆ ಅಪಾಯ' ಎಂಬ ಗೆರೆಯನ್ನು ದಾಟಲಿಲ್ಲ. ಗೆರೆ ದಾಟಿದರೆ 14 ವರ್ಷದ ತನಕ ಜೈಲು. ಮರುವರ್ಷದ ಡಿಸೆಂಬರಿನಲ್ಲಿ ಮಿದುಳು ಸತ್ತ ಒಬ್ಬ ಬಸುರಿಯನ್ನು ಯಂತ್ರದ ಮೇಲೆ ಇಟ್ಟಿದ್ದರು. ಆಕೆಯ ತಂದೆ ಮಗಳನ್ನು ಕಳಿಸಿಕೊಡಲು ಹೈಕೋರ್ಟಿಗೆ ಹೋಗಬೇಕಾಯಿತು. ತೀರ್ಪು ಬಂದದ್ದು ಕ್ರಿಸ್‌ಮಸ್ ಮಾರನೇ ದಿನ. ಎಂಟನೇ ತಿದ್ದುಪಡಿ ಏನು ಹೇಳುತ್ತದೆ ಅಂತ ಡಾಕ್ಟರರಿಗೆ ಖಾತ್ರಿ ಇರಲಿಲ್ಲ. ಸದರ್ಲೆಂಡ್ ಹೇಳಿದ್ದ ಗೊಂದಲ, 31 ವರ್ಷದ ಮೇಲೆ, ಐಸಿಯುನಲ್ಲಿ.

ಇನ್ನೊಂದು ವಾದ ದೋಣಿ, ವಿಮಾನಗಳದ್ದು. ಐರ್ಲೆಂಡಿನಲ್ಲಿ ಗರ್ಭಪಾತ ಇಲ್ಲ ಅನ್ನುವುದೇ ಸುಳ್ಳು, ಅದು ಇಂಗ್ಲೆಂಡಿನಲ್ಲಿ ನಡೆಯುತ್ತಿದೆ ಅಷ್ಟೇ ಎಂದು ಹಕ್ಕಿನ ಪರದವರು ಹೇಳುತ್ತಿದ್ದರು. 2016ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಕ್ಲಿನಿಕ್ಕುಗಳಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟ ಹೆಂಗಸರು 3,265. ದಿನಕ್ಕೆ ಹೆಚ್ಚುಕಡಿಮೆ ಒಂಬತ್ತು. 2018ರ ಜನವರಿಯಲ್ಲಿ ಆರೋಗ್ಯ ಮಂತ್ರಿ ಸೈಮನ್ ಹ್ಯಾರಿಸ್ ಸದನದಲ್ಲಿ ಚರ್ಚೆ ಶುರುಮಾಡಿದಾಗ ಈ ಸಂಖ್ಯೆಯನ್ನು ಒಟ್ಟಾಗಿ ಹೇಳಿ ಬಿಡಲಿಲ್ಲ. ಕೌಂಟಿ ಕೌಂಟಿಯ ಹೆಸರು ಹಿಡಿದು, ಇಲ್ಲಿಂದ ಇಷ್ಟು ಹೆಂಗಸರು, ಅಲ್ಲಿಂದ ಇಷ್ಟು ಎಂದು ಓದುತ್ತಾ ಹೋದರು. ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ. ಎದುರು ಕೂತ ಒಬ್ಬೊಬ್ಬ ಸಂಸದನೂ ತನ್ನ ಊರಿನ ಹೆಸರು ಬರುವುದನ್ನು ಕೇಳಿಸಿಕೊಂಡಿರಬೇಕು.

ಆ ಪುಟವನ್ನು ನಾನು ಮೂರು ಸಲ ಓದಿದೆ. ಒಂದು ವಿಶೇಷಣ ಇಲ್ಲ, ಕಣ್ಣೀರು ಹಾಕಿಸುವ ಸಾಲಿಲ್ಲ. ಊರು, ಸಂಖ್ಯೆ, ಊರು, ಸಂಖ್ಯೆ. ನಮ್ಮ ಕ್ಷೇತ್ರದಲ್ಲಿ ಅಂಥವರು ಯಾರೂ ಇಲ್ಲ ಅನ್ನುವ ದಾರಿಯೇ ಮುಚ್ಚಿಹೋಯಿತು.

ಹೋಗಲು ದುಡ್ಡು ಬೇಕು, ಪಾಸ್‌ಪೋರ್ಟ್ ಬೇಕು, ಕೆಲಸಕ್ಕೆ ರಜೆ ಬೇಕು, ಮನೆಯಲ್ಲಿರುವ ಮಕ್ಕಳನ್ನು ನೋಡಿಕೊಳ್ಳಲು ಯಾರಾದರೂ ಬೇಕು. ಹೊರದೇಶದಿಂದ ಆಶ್ರಯ ಕೇಳಿ ಬಂದವರಿಗೆ ವೀಸಾ ಕೂಡ ಬೇಕು. ಇವು ಯಾವುವೂ ಇಲ್ಲದವರ ಮೇಲೆ ಮಾತ್ರ ಕಾನೂನಿನ ಭಾರ ಬೀಳುತ್ತಿತ್ತು. ಹೋದವರ ಕಥೆ ಸುಲಭದ್ದಾ ಅಂದರೆ ಅದೂ ಅಲ್ಲ. ಹೊಟ್ಟೆಯ ಕೂಸು ಹುಟ್ಟಿದರೂ ಬದುಕುವುದಿಲ್ಲ ಎಂದು ಗೊತ್ತಾಗಿ ಲಿವರ್‌ಪೂಲಿಗೆ ಹೋದ ಒಬ್ಬಾಕೆ, ಅಲ್ಲಿ ಉಳಿಯಲು ದುಡ್ಡಿಲ್ಲದೆ, ಹೆತ್ತ 12 ಗಂಟೆಗೆ, ರಕ್ತ ಇನ್ನೂ ಹೋಗುತ್ತಿರುವಾಗಲೇ ವಿಮಾನ ಹತ್ತಿ ವಾಪಸು ಬಂದಳು. ಕೆಲವು ವಾರದ ಮೇಲೆ ಕೂಸಿನ ಬೂದಿ ಕೊರಿಯರಿನಲ್ಲಿ ಮನೆಗೆ ಬಂತು. ಇದು ಕ್ರೂರ, ಅಮಾನವೀಯ ನಡವಳಿಕೆ ಎಂದು 2016ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಸಮಿತಿ ಐರ್ಲೆಂಡಿಗೆ ಹೇಳಿತು. ಬಾಣಂತಿಯನ್ನು ಹೊಸ್ತಿಲು ದಾಟಲು ಬಿಡದ ನಮ್ಮ ಊರ ಕಡೆಯವರಿಗೆ ಆ ವಿಮಾನದ ಸೀಟು ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ನನಗೆ ಜಾಸ್ತಿ ಹಿಡಿಸಿದ ವಾದ ಮಾತ್ರ ಬೇರೆ. ಅದು ಅತ್ಯಾಚಾರದ ಕುರಿತದ್ದು.

ನಾನೂ ಮೊದಲು ಎಲ್ಲರ ಹಾಗೇ ಯೋಚಿಸುತ್ತಿದ್ದೆ. ಅತ್ಯಾಚಾರ ಆದವರಿಗೆ ಅವಕಾಶ ಕೊಟ್ಟು ಉಳಿದದ್ದನ್ನು ಬಿಗಿ ಇಟ್ಟರೆ ಆಯ್ತಲ್ಲ ಅಂತ. ಐರ್ಲೆಂಡಿನಲ್ಲೂ ತುಂಬಾ ಜನ ಅಲ್ಲೇ ನಿಂತಿದ್ದರು. 2017ರಲ್ಲಿ ಎರಡೂ ಸದನಗಳ ಜಂಟಿ ಸಮಿತಿ ಕೂತು ಇದನ್ನು ಎಳೆ ಎಳೆಯಾಗಿ ಬಿಡಿಸಿ ನೋಡಿತು. ಅತ್ಯಾಚಾರ ಆಗಿದೆ ಅಂತ ತೀರ್ಮಾನ ಮಾಡುವವರು ಯಾರು? ಕೋರ್ಟಾ? ಕೋರ್ಟಿನಲ್ಲಿ ಕೇಸು ಮುಗಿಯುವಷ್ಟರಲ್ಲಿ ಮಗು ಹುಟ್ಟಿ ನಡೆದಾಡುತ್ತಿರುತ್ತದೆ. ಪೊಲೀಸರಾ? ದೂರು ಕೊಡದೇ ಇರುವವರೇ ಹೆಚ್ಚು. ಡಾಕ್ಟರಾ? ಅವರು ಯಾವ ಪ್ರಶ್ನೆ ಕೇಳಬೇಕು? ನಿಜ ಹೇಳುತ್ತಿದ್ದೀಯಾ ಅಂತ ಕೇಳಬೇಕಾ? ಆಗಲೇ ಒಮ್ಮೆ ಮುರಿದವಳನ್ನು ಮತ್ತೊಮ್ಮೆ ಕಟಕಟೆಗೆ ಏರಿಸದೆ ಆ ವಿನಾಯಿತಿಯನ್ನು ಜಾರಿ ಮಾಡುವ ದಾರಿಯೇ ಅವರಿಗೆ ಸಿಗಲಿಲ್ಲ. ಅದರ ಜೊತೆಗೆ ಇನ್ನೊಂದು ಸಂಗತಿ ಇತ್ತು. ಹೆಂಗಸರು ಆನ್‌ಲೈನಿನಲ್ಲಿ ಗುಳಿಗೆ ತರಿಸಿ, ಯಾರಿಗೂ ಹೇಳದೆ ಮನೆಯಲ್ಲೇ ನುಂಗುತ್ತಿದ್ದರು. ರಕ್ತ ಜಾಸ್ತಿ ಹೋದರೂ ಜೈಲಿನ ಹೆದರಿಕೆಗೆ ಆಸ್ಪತ್ರೆಗೆ ಹೋಗುವ ಧೈರ್ಯ ಇರುತ್ತಿರಲಿಲ್ಲ. ಇವೆರಡನ್ನೂ ಮುಂದಿಟ್ಟುಕೊಂಡು ಸಮಿತಿ ಹೇಳಿತು: 12 ವಾರದ ತನಕ ಕಾರಣ ಕೇಳುವುದೇ ಬೇಡ.

ಅಂದರೆ ಕಾರಣ ಕೇಳದ ಕಾನೂನಿಗೆ ಅವರು ಬಂದದ್ದು ಘೋಷಣೆ ಕೂಗಿ ಅಲ್ಲ. ಕಾರಣ ಕೇಳಿದರೆ ಆ ಹೆಂಗಸಿನ ಮೇಲೆ ಏನಾಗುತ್ತದೆ ಅಂತ ಒಂದೊಂದೇ ಹೆಜ್ಜೆ ನಡೆದು ನೋಡಿ ಬಂದರು. ಸಮಿತಿಗೂ ಮುಂಚೆ, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಮೇರಿ ಲಫೊಯ್ ಮುಂದಾಳ್ತನದಲ್ಲಿ 99 ಸಾಮಾನ್ಯ ನಾಗರಿಕರ ಸಭೆಯೊಂದು ವಾರಾಂತ್ಯಗಳಲ್ಲಿ ಕೂತು ಡಾಕ್ಟರು, ವಕೀಲರು, ಎರಡೂ ಕಡೆಯವರ ಮಾತು ಕೇಳಿತ್ತು. ಅವರೂ ಹತ್ತಿರ ಹತ್ತಿರ ಅಲ್ಲಿಗೇ ಬಂದಿದ್ದರು. ವಿಷಯವನ್ನು ಕೂತು ಕೇಳಿದವರೆಲ್ಲ ಹೊರಟ ಕಡೆಯಿಂದ ಸ್ವಲ್ಪವಾದರೂ ಸರಿದಿದ್ದರು. ವಿರೋಧ ಪಕ್ಷದ ನಾಯಕ ಮೀಹಾಲ್ ಮಾರ್ಟಿನ್ ವರ್ಷಗಳಿಂದ ಎಂಟನೇ ತಿದ್ದುಪಡಿಯ ಪರ ಇದ್ದವರು. ಅವರ ಪಕ್ಷದಲ್ಲಿ ಹೆಚ್ಚಿನವರು ಆಮೇಲೂ ಹಾಗೇ ಇದ್ದರು. ಮಾರ್ಟಿನ್ 2018ರ ಜನವರಿ 18ರಂದು ಸದನದಲ್ಲಿ, ನನ್ನ ಮನಸ್ಸು ಬದಲಾಗಿದೆ, ಈ ತಿದ್ದುಪಡಿ ಗರ್ಭಪಾತವನ್ನು ತಡೆದಿಲ್ಲ, ಹೆಂಗಸರ ಆರೈಕೆಗೆ ಮಾತ್ರ ಪೆಟ್ಟು ಕೊಟ್ಟಿದೆ ಎಂಬ ಅರ್ಥದ ಮಾತಾಡಿದರು. ಕೇಳಿ ತಿಳಿದು ಬದಲಾದೆ ಎಂದು ತುಂಬಿದ ಸದನದಲ್ಲಿ ಹೇಳುವ ರಾಜಕಾರಣಿಯನ್ನು ಕಂಡರೆ ನನಗೆ ಗೌರವ.

ಆ ವರ್ಷ ಮೇ 25ರಂದು ಮತ ಬಿತ್ತು. ತಿದ್ದುಪಡಿ ತೆಗೆಯಿರಿ ಎಂದವರು ಶೇ. 66.4. 35 ವರ್ಷದ ಹಿಂದೆ ಅದನ್ನು ತಂದಾಗ ಇದ್ದದ್ದೂ ಹೆಚ್ಚುಕಡಿಮೆ ಅಷ್ಟೇ ಬಹುಮತ. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಸವಿತಾಳ ದೊಡ್ಡ ಚಿತ್ರ ಬರೆದಿದ್ದರು. ಜನ ಅದರ ಕೆಳಗೆ ಹೂವಿಟ್ಟರು, ಚೀಟಿ ಅಂಟಿಸಿದರು. ಬೆಳಗಾವಿಯಲ್ಲಿ ಅವಳ ತಂದೆ ಐರ್ಲೆಂಡಿನ ಜನಕ್ಕೆ ಕೈಮುಗಿದರು.

ನಮ್ಮ ಕಡೆ ಏನು? ಆ ಡಾಕ್ಟರಮ್ಮ ಅಕ್ಕನನ್ನು ಸಂಜೆಯೊಳಗೆ ಉಳಿಸಿಕೊಂಡದ್ದು ಅವರ ಒಳ್ಳೆಯತನ ಅಂತಲೇ ನಾನು ಬಹಳ ದಿನ ಅಂದುಕೊಂಡಿದ್ದೆ. ಹೌದು, ಅದೂ ಇತ್ತು. ಆದರೆ ಅವರ ಬೆನ್ನಿಗೆ 1971ರ ನಮ್ಮ ಕಾನೂನು ಇತ್ತು. ಅದರಲ್ಲಿ ತಾಯಿಯ 'ಜೀವ'ದ ಜೊತೆ 'ದೈಹಿಕ ಅಥವಾ ಮಾನಸಿಕ ಆರೋಗ್ಯ' ಎಂಬ ಮಾತೂ ಇದೆ. ಐರ್ಲೆಂಡಿನಲ್ಲಿ ಇರಲಿಲ್ಲವಲ್ಲ, ಅದೇ ಮಾತು. ಅಷ್ಟಕ್ಕೆ ನಮ್ಮದು ಎಲ್ಲ ಸರಿ ಇದೆ ಅಂತಲ್ಲ. ನಮ್ಮ ಕಾನೂನು ತೀರ್ಮಾನವನ್ನು ಡಾಕ್ಟರ ಕೈಗೆ ಕೊಟ್ಟಿದೆ, ಹೆಂಗಸಿನ ಕೈಗೆ ಕೊಟ್ಟಿಲ್ಲ. 'ಮದುವೆಯಾದ ಹೆಂಗಸು ಅಥವಾ ಅವಳ ಗಂಡ' ಎಂದಿದ್ದ ಜಾಗದಲ್ಲಿ 'ಹೆಂಗಸು ಅಥವಾ ಅವಳ ಸಂಗಾತಿ' ಎಂದು ಬರಲು 2021ರ ತಿದ್ದುಪಡಿ ತನಕ ಕಾಯಬೇಕಾಯಿತು. 24 ವಾರದ ಮಿತಿ ದಾಟಿದ ಅತ್ಯಾಚಾರ ಸಂತ್ರಸ್ತೆಯರು, ಅದರಲ್ಲಿ ಶಾಲೆಗೆ ಹೋಗುವ ಹುಡುಗಿಯರೂ ಇದ್ದಾರೆ, ಈಗಲೂ ಹೈಕೋರ್ಟಿನ ಬಾಗಿಲು ಬಡಿಯುತ್ತಾರೆ. ಐರ್ಲೆಂಡಿನ ಆ ಸಮಿತಿ ಕೇಳಿಕೊಂಡ ಪ್ರಶ್ನೆಗಳನ್ನು ನಮ್ಮ ಸದನಗಳಲ್ಲೂ ಅಷ್ಟೇ ತಾಳ್ಮೆಯಿಂದ ಕೂತು ಕೇಳಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಹೋದ ದೀಪಾವಳಿಗೆ ಊರಿಗೆ ಹೋದಾಗ ಇದನ್ನೆಲ್ಲ ಅಕ್ಕನಿಗೆ ಹೇಳಿದೆ. ಅವಳು ಕರಿಗಡಬಿಗೆ ಹೂರಣ ತುಂಬುತ್ತಿದ್ದಳು. ಮಗಳು ಪಕ್ಕದಲ್ಲಿ ಅಂಚು ಕಟ್ಟುತ್ತಿದ್ದಳು. ಅವಳಿಗೂ ಈಗ ಇದೆಲ್ಲ ತಿಳಿಯುವ ವಯಸ್ಸು. ಐರ್ಲೆಂಡಿನ ಹೊಸ ಕಾನೂನು 2019ರ ಜನವರಿಯಿಂದ ನಡೆಯುತ್ತಿದೆ ಅಂದೆ. 12 ವಾರದೊಳಗೆ ಕಾರಣ ಕೇಳುವ ಹಾಗಿಲ್ಲ, ಆದರೆ ಡಾಕ್ಟರನ್ನು ನೋಡಿದ ಮೇಲೆ ಮೂರು ದಿನ ಕಾಯಲೇಬೇಕು ಅಂದೆ.

"ಮೂರು ದಿನ ಯಾಕ?" ಅಂದಳು ಅಕ್ಕ.

ಮನಸ್ಸು ಬದಲಾದರೆ ಅಂತ ಇಟ್ಟಿದ್ದಾರೆ, ಜೀವಕ್ಕೆ ಅಪಾಯ ಇರುವ ಕೇಸಿಗೆ ಅದು ಇಲ್ಲ ಎಂದೆ. ಕಾನೂನನ್ನು ಮರುಪರಿಶೀಲನೆ ಮಾಡಿದ ಮರೀ ಒಶೇ ಎಂಬ ವಕೀಲೆ 2023ರ ವರದಿಯಲ್ಲಿ ಈ ಕಾಯುವಿಕೆ ಕಡ್ಡಾಯ ಆಗಬಾರದು ಎಂದು ಹೇಳಿದ್ದಾರೆ, ಅಲ್ಲಿ ಅದರ ಮೇಲೆ ಇನ್ನೂ ವಾದ ನಡೆದಿದೆ ಅಂತಲೂ ಹೇಳಿದೆ.

ಅಕ್ಕ ಕಡಬು ಮಡಚಿ ತಟ್ಟೆಗೆ ಇಟ್ಟಳು. "ಬದಲಾಗಿದ್ರ ಆಕಿನ ಹೇಳ್ತಿದ್ಲಲ್ಲ" ಅಂದಳು. ಆಮೇಲೆ ಮಗಳ ಕಡೆ ತಿರುಗಿ, ಅಂಚು ಬಿಟ್ಟೈತಿ ನೋಡು, ಎಣ್ಣ್ಯಾಗ ಒಡೀತದ, ಇನ್ನೊಮ್ಮೆ ಒತ್ತು ಎಂದಳು.